ಕೂದಲ ಓಣಿಯಿಂದ ಸುತ್ತಿಗೆಯ ಓಣಿಗೆ

ಭಾಗ್ಯನಗರ

ನಾನೂ ನಮ್ಮ ನೀಲಕ್ಕನೂ ಜಪಾನಿಗೆ ಹೊರಟಿದ್ದೇವೆ ಎಂದಾಗ ಓಣಿಯ ಜನ ಮೊದಲು ನಕ್ಕರು, ನಂಬಿಕೆ ಬಂದ ಮೇಲೆ ಸಾಮಾನು ತರಲು ಹೇಳಿದರು. ಒಬ್ಬರಿಗೆ ಗಡಿಯಾರ ಬೇಕು, ಒಬ್ಬರಿಗೆ ಚಾಕು, ಎದುರು ಮನೆಯ ಗೌರಮ್ಮನಿಗೆ ಅಲ್ಲಿಯ ಅಕ್ಕಿ. "ಭತ್ತ ಬೆಳಿಯೋ ಗಂಗಾವತಿ ಮಗ್ಗಲದಾಗ ಇದ್ದು ಜಪಾನ್ ಅಕ್ಕಿ ಬೇಕಂತ ಈಕಿಗೆ! ನಾಳೆ ಕುಡಿಯೋ ನೀರೂ ಅಲ್ಲಿಂದನ ತರಸ್ತಾಳ" ಎಂದು ಅಕ್ಕ ಆಕೆಯ ಬಾಯಿ ಮುಚ್ಚಿಸಿದಳು. ನಮ್ಮ ಅಕ್ಕನ ನಾಲಿಗೆಗೆ ಹೆದರದವರು ಓಣಿಯಲ್ಲಿ ಯಾರೂ ಇಲ್ಲ. ಅಂಥವಳ ಜೊತೆ ಪರದೇಶಕ್ಕೆ ಹೋಗಿ ಸುರಕ್ಷಿತವಾಗಿ ಮರಳಿದ ನನಗೆ ಇನ್ನೂ ಯಾರೂ ಸನ್ಮಾನ ಇಟ್ಟುಕೊಂಡಿಲ್ಲ ಎಂಬುದೇ ಆಶ್ಚರ್ಯ.

ಕೊಪ್ಪಳಕ್ಕೆ ಅಂಟಿಕೊಂಡ ಭಾಗ್ಯನಗರದಲ್ಲಿ ನಮ್ಮದೊಂದು ಕೂದಲ ಶೆಡ್ಡು. ತಲೆ ಬಾಚಿಕೊಂಡಾಗ ಬರುವ ಕೂದಲನ್ನು ಹೆಂಗಸರು ಉಂಡೆ ಮಾಡಿ ಗೋಡೆಯ ಸಂದಿಗೆ ಸಿಕ್ಕಿಸಿಡುತ್ತಾರಲ್ಲ, ಅದನ್ನು ಕುಷ್ಟಗಿ, ಯಲಬುರ್ಗಾ ಕಡೆಯ ಹಳ್ಳಿಗಳಲ್ಲಿ ತಿರುಗಿ, ಪಿನ್ನು ಪಾತ್ರೆ ಕೊಟ್ಟು ತೆಗೆದುಕೊಂಡು ಬರುವವರಿದ್ದಾರೆ. ಆ ಉಂಡೆಗಳು ನಮ್ಮ ಶೆಡ್ಡಿಗೆ ಬರುತ್ತವೆ. ಹೆಂಗಸರು ಕೂತು ಗಂಟು ಬಿಡಿಸುತ್ತಾರೆ, ತೊಳೆಯುತ್ತಾರೆ, ಉಕ್ಕಿನ ಮುಳ್ಳಿನ ಹಲಗೆಯ ಮೇಲೆ ಎಳೆದು ಉದ್ದಕ್ಕೆ ತಕ್ಕಂತೆ ಕಟ್ಟು ಕಟ್ಟುತ್ತಾರೆ. ಯಾವುದೋ ದೇಶದ ಬೋಳು ತಲೆಯ ಮೇಲೆ ಯಲಬುರ್ಗಾದ ಕೂದಲು ಹೊಳೆಯುತ್ತಿರುತ್ತದೆ ಎಂದು ನೆನೆದರೆ ನನಗೆ ಈಗಲೂ ನಗು ಬರುತ್ತದೆ.

ಓಣಿಯ ತುಂಬ ಇಂಥವೇ ಶೆಡ್ಡುಗಳು, ನಡುವೆ ಒಂದಷ್ಟು ಮಗ್ಗ, ಒಂದೆರಡು ಲೇತು. ನಾವು ಚಿಕ್ಕವರಿದ್ದಾಗ ಇದರ ಹಿಂದೆ ಬರೀ ಹೊಲ. ಈಗ ಅಲ್ಲಿ ಲೇಔಟು ಬಂದಿದೆ. ಬಣ್ಣ ಬಣ್ಣದ ಮನೆಗಳು, ಗೇಟಿಗೊಂದು ನಾಯಿ. ಲೇಔಟಿನವರು ನಮ್ಮ ಮೇಲೆ ದೂರು ಕೊಟ್ಟರು. ಆ ದೂರಿನ ಮುಂದಾಳು ಶಾಂತಾಬಾಯಿ, ಸರಕಾರಿ ಆಸ್ಪತ್ರೆಯಲ್ಲಿ ನರ್ಸಾಗಿದ್ದು ನಿವೃತ್ತರಾದವರು. ಅದೇ ಹೊತ್ತಿಗೆ ಊರಿನ ಹೊಸ ನಕ್ಷೆಯ ಕರಡು ಹೊರಬಿತ್ತು. ನಕ್ಷೆಯಲ್ಲಿ ಮನೆಗಳಿಗೆ ಹಳದಿ ಬಣ್ಣ, ಕೈಗಾರಿಕೆಗೆ ನೇರಳೆ ಬಣ್ಣ. ನಮ್ಮ ಓಣಿ ಈ ಕೊನೆಯಿಂದ ಆ ಕೊನೆಯವರೆಗೆ ಹಳದಿ ಆಗಿತ್ತು. ಅದು ಹಾಗೇ ಪಾಸಾದರೆ ಶೆಡ್ಡುಗಳು ಊರಾಚೆ ಎಲ್ಲೋ ಕುಷ್ಟಗಿ ರಸ್ತೆಗೆ ಹೋಗಬೇಕು.

ನಮಗೇನೋ ಮೋಟಾರು ಸೈಕಲ್ ಇದೆ, ಹೋಗುತ್ತೇವೆ. ಹೆಂಗಸರು? ನಮ್ಮಲ್ಲಿ ಗಂಟು ಬಿಡಿಸುವವರೆಲ್ಲ ಸುತ್ತಲ ಮನೆಗಳಿಂದ ನಡೆದು ಬರುವವರು. ಹುಲಿಗೆವ್ವ ಎಂಬ ಹುಡುಗಿ ಇದ್ದಾಳೆ, ಕುಕನೂರಿನವಳು, ಭಾಗ್ಯನಗರಕ್ಕೆ ಕೊಟ್ಟಿದ್ದಾರೆ. ಅವಳ ಕೂಸಿಗೆ ಇನ್ನೂ ಎದೆಹಾಲು ಬಿಟ್ಟಿಲ್ಲ. ಮಧ್ಯಾಹ್ನ ಎದ್ದು ಓಡಿ ಮನೆಗೆ ಹೋಗಿ ಹಾಲು ಕುಡಿಸಿ ಬರುತ್ತಾಳೆ. ಕೆಲಸ ಊರಾಚೆ ಹೋದ ದಿನ ಅವಳ ಕೆಲಸವೂ ಹೋಯಿತು. "ಶೆಡ್ಡ ಹೋದ್ರ ಹೋಗಲಿ ತಮ್ಮಾ, ಈ ಹುಡುಗ್ಯಾರು ಎಲ್ಲಿಗೆ ಹೋಗಬೇಕು?" ಎಂದು ಅಕ್ಕ ದಿನಾ ನನ್ನನ್ನು ಕೇಳುತ್ತಿದ್ದಳು, ನಕ್ಷೆಗೆ ನಾನೇ ಬಣ್ಣ ಹಚ್ಚಿದವನ ಹಾಗೆ.

ಜಪಾನು ಬಂದದ್ದು ಪದ್ಮಾಳ ಮೂಲಕ. ಪದ್ಮಾ ಗಂಗಾವತಿ ಹತ್ತಿರದ ಮರಳಿಯ ಹುಡುಗಿ. ಒಸಾಕಾ ಪಕ್ಕದ ಒಂದೂರಿನಲ್ಲಿ, ವಯಸ್ಸಾದವರನ್ನು ನೋಡಿಕೊಳ್ಳುವ ಕೇಂದ್ರದಲ್ಲಿ ಕೆಲಸ ಮಾಡುತ್ತಾಳೆ. ಅವಳು ನೋಡಿಕೊಳ್ಳುವ ಒಬ್ಬ ಅಜ್ಜಿಯ ಮಗಳು ನಕಾನೊ ಸಾನ್, ಅಂದರೆ ನಮ್ಮ ಮಾತಿನಲ್ಲಿ ನಕಾನೊ ಅವರು, ವಿಗ್ಗು ಮಾಡುವವರು, ನಮ್ಮ ಕೂದಲನ್ನು ಕೊಳ್ಳುವವರು. 'ಕೊಪ್ಪಳ' ಎಂಬ ಹೆಸರು ಕೇಳಿ ಪದ್ಮಾ ಅಲ್ಲೇ ಕುಣಿದಾಡಿದಳಂತೆ. ಅಂದಿನಿಂದ ನಮ್ಮ ವ್ಯವಹಾರದ ಮಾತೆಲ್ಲ ಅವಳ ಬಾಯಿಂದಲೇ. ನಮ್ಮ ಹಳದಿ ಬಣ್ಣದ ಗೋಳು ಕೇಳಿ ಅವಳು ಫೋನಿನಲ್ಲಿ, "ಇಲ್ಲೂ ಹಿಂಗ ಆಗಿತ್ರಿ ಅಕ್ಕಾರ. ಆದ್ರ ಈ ಊರಾಗ ಅದಕ್ಕಂತ ಒಂದು ಕಾಯ್ದಿ ಮಾಡ್ಯಾರ. ನಕಾನೊ ಸಾನ್ ಬರ್ರಿ ಅನ್ನಾಕತ್ತಾರ, ಬಂದು ನೋಡ್ರಿ" ಎಂದಳು. ಅಕ್ಕ ಅವತ್ತೇ ಟ್ರಂಕು ಇಳಿಸಿದಳು.

ಒಸಾಕಾ ವಿಮಾನ ನಿಲ್ದಾಣ

ನಮ್ಮ ಮೊದಲ ಮರ್ಯಾದೆ ಹೋದದ್ದು ಸುಂಕದ ಕಟ್ಟೆಯಲ್ಲಿ. ನಕಾನೊ ಸಾನ್‌ಗೆ ತೋರಿಸಲೆಂದು ಕೂದಲ ಕಟ್ಟುಗಳನ್ನು ತಂದಿದ್ದೆವು. ಅಕ್ಕ ಅವನ್ನು ಖಡಕ್ ರೊಟ್ಟಿಯ ಡಬ್ಬಿಯ ಸುತ್ತ ಮೆತ್ತಗೆ ಜೋಡಿಸಿದ್ದಳು, ರೊಟ್ಟಿ ಮುರಿಯಬಾರದೆಂದು. ಬಿಳಿ ಕೈಗವಸು ಹಾಕಿದ ಅಧಿಕಾರಿಣಿ ಚೀಲ ತೆರೆದು ಕೈ ಹಾಕಿದಳು. ಉದ್ದನೆಯ ಕರಿ ಜಡೆಯಂಥದೊಂದು ಈಚೆ ಬಂತು. ಅವಳ ಮುಖದ ಬಣ್ಣ ಇಳಿಯಿತು. ಇನ್ನೊಂದು ಬಂತು. ಮೂರನೆಯದಕ್ಕೆ ಆಕೆ ತನ್ನ ಮೇಲಿನವನನ್ನು ಕರೆದಳು.

ಇಬ್ಬರೂ ಒಮ್ಮೆ ಕೂದಲನ್ನು, ಒಮ್ಮೆ ನನ್ನನ್ನು ನೋಡಿದರು. ಆ ಚೀಲದ ಯಜಮಾನನ ತಲೆಯಲ್ಲಿ ಕೂದಲಿಲ್ಲ ಎಂಬುದು ಸಂಶಯವನ್ನು ಹೆಚ್ಚಿಸಿತೋ ಕಡಿಮೆ ಮಾಡಿತೋ ಗೊತ್ತಾಗಲಿಲ್ಲ. ನನ್ನ ಇಂಗ್ಲಿಷು ಅವರಿಗೆ ತಿಳಿಯಲಿಲ್ಲ. ಅಕ್ಕ ಮುಂದೆ ಬಂದಳು. ತನ್ನ ತುರುಬು ಬಿಚ್ಚಿದಳು, ಬಾಚಣಿಗೆ ತೆಗೆದು ಬಾಚಿದಳು, ಬಂದ ಎಳೆಗಳನ್ನು ಬೆರಳಿಗೆ ಸುತ್ತಿ ಉಂಡೆ ಮಾಡಿ ತೋರಿಸಿದಳು, ಆ ಉಂಡೆಯನ್ನು ಬಿಡಿಸಿ ಎಳೆದು ಕಟ್ಟಿನ ಪಕ್ಕ ಇಟ್ಟಳು, ಕೊನೆಗೆ ಒಂದು ಕಟ್ಟನ್ನು ಎತ್ತಿ ನನ್ನ ಬೋಳು ತಲೆಯ ಮೇಲೆ ಇಟ್ಟಳು. ನಮ್ಮ ಇಡೀ ಉದ್ಯೋಗ ಅಷ್ಟರಲ್ಲಿ ಮುಗಿಯಿತು. ಮೇಲಿನವನು ತುಟಿ ಕಚ್ಚಿಕೊಂಡು ನಗು ತಡೆಯುತ್ತಿದ್ದ. ಅಧಿಕಾರಿಣಿಗೆ ತಡೆಯಲಾಗಲಿಲ್ಲ. ಕಾಗದಗಳನ್ನು ನೋಡಿ ಸರಿಯಿದೆ ಎಂದು ಬಿಟ್ಟರು.

ಹೊರಗೆ ಪದ್ಮಾ ಕಾಯುತ್ತಿದ್ದಳು. ಅಕ್ಕನ ಕಾಲಿಗೆ ಬಿದ್ದು ಏಳುತ್ತಲೇ ಕೇಳಿದ್ದು, "ರೊಟ್ಟಿ ತಂದೀರೇನ್ರಿ ಅಕ್ಕಾರ?"

"ತಂದೀನಿ. ಸ್ವಲ್ಪ ಕೂದಲ ಹತ್ತಿರಬಹುದು, ಝಾಡಿಸಿ ತಿನ್ನು" ಎಂದಳು ಅಕ್ಕ.

ರೈಲು

ಅಲ್ಲಿಯ ರೈಲಿನಲ್ಲಿ ಜನ ಉಸಿರನ್ನೂ ನಾಚಿಕೊಂಡೇ ಬಿಡುತ್ತಾರೆ. ಅಷ್ಟು ಮಂದಿ ತುಂಬಿದ್ದರೂ ಸದ್ದಿಲ್ಲ. ನಮ್ಮ ಕಡೆ ಗದಗಿನ ಪ್ಯಾಸೆಂಜರ್ ಗಾಡಿಯಲ್ಲಿ ಕೊಪ್ಪಳ ದಾಟುವಷ್ಟರಲ್ಲಿ ಎದುರಿನವರ ಮಗಳ ಮದುವೆ ಎಲ್ಲಿ ನಿಂತಿದೆ, ಯಾರಿಂದ ನಿಂತಿದೆ ಎಂಬುದೆಲ್ಲ ತಿಳಿದಿರುತ್ತದೆ. ಇಲ್ಲಿ ಪಕ್ಕದವನು ಬದುಕಿದ್ದಾನೋ ಇಲ್ಲವೋ ಎಂದು ಮುಟ್ಟಿ ನೋಡಬೇಕು.

ಆ ಮೌನದ ನಡುವೆ ಅಕ್ಕನ ಫೋನು ಹೊಡೆದುಕೊಂಡಿತು. "ಹಲೋ! ಹುಲಿಗೆವ್ವಾ! ಹಾಂ, ಮುಟ್ಟೀವಿ! ಕೂಸಿನ ಜ್ವರ ಇಳೀತೇನು? ಏನು? ಜೋರ ಮಾತಾಡು!" ಬೋಗಿಯ ಜನರೆಲ್ಲ ಒಟ್ಟಿಗೆ ತಮ್ಮ ತಮ್ಮ ಬೂಟುಗಳನ್ನು ನೋಡತೊಡಗಿದರು. ಪದ್ಮಾ ಕೆಂಪಾಗಿ, "ಅಕ್ಕಾರ, ಇಲ್ಲಿ ರೈಲಿನ್ಯಾಗ ಫೋನ್ ಮಾಡಂಗಿಲ್ರಿ" ಎಂದು ಪಿಸುಗುಟ್ಟಿದಳು.

"ಕೂಸಿಗೆ ಜ್ವರ ಬಂದ್ರೂ ಮಾಡಂಗಿಲ್ಲೇನು?" ಎಂದು ಅಕ್ಕ ಅದೇ ಧ್ವನಿಯಲ್ಲಿ ಕೇಳಿದಳು. ಆಮೇಲೆ ಸೆರಗನ್ನು ಬಾಯಿಗೆ ಅಡ್ಡ ಹಿಡಿದು, ಜ್ವರ ಇಳಿದಿದೆ ಎಂದು ನನಗೆ ಕೈಸನ್ನೆಯಲ್ಲಿ ತಿಳಿಸಿದಳು.

ಹಿಗಾಶಿ-ಒಸಾಕಾ

ಹಿಗಾಶಿ ಎಂದರೆ ಪೂರ್ವವಂತೆ. ಕೊಪ್ಪಳಕ್ಕೆ ಭಾಗ್ಯನಗರ ಇದ್ದ ಹಾಗೆ ಒಸಾಕಾಕ್ಕೆ ಈ ಊರು. ಎಲ್ಲಿ ಅದು ಮುಗಿದು ಇದು ಶುರುವಾಯಿತು ಎಂದು ಹೊರಗಿನವರಿಗೆ ತಿಳಿಯುವುದಿಲ್ಲ, ಊರವರಿಗೆ ಮಾತ್ರ ಗಟ್ಟಿಯಾಗಿ ಗೊತ್ತು. ರೈಲಿನಲ್ಲಿ ಅಷ್ಟು ಮೌನವಾಗಿದ್ದ ಜನ ಇಲ್ಲಿ ಓಣಿಗೆ ಬಂದ ಕೂಡಲೇ ಕಬ್ಬಿಣದ ಮೇಲೆ ಏರಿಹೋಗುತ್ತಾರೆ. ಅರ್ಧ ಎತ್ತಿದ ಷಟರುಗಳ ಕೆಳಗೆ ಕಿಡಿ ಹಾರುತ್ತದೆ. ಒಂದು ಕಡೆ ಬೋಲ್ಟು, ಒಂದು ಕಡೆ ಸ್ಪ್ರಿಂಗು, ಒಂದು ಕಡೆ ಹಲ್ಲುಜ್ಜುವ ಬ್ರಷ್ಷು. ಮೇಲೆ ಮನೆ, ಕೆಳಗೆ ಯಂತ್ರ, ನಡುವೆ ಒಣಗಲು ಹಾಕಿದ ಬಟ್ಟೆ. ಎಣ್ಣೆ ಮತ್ತು ಮೀನಿನ ವಾಸನೆ ಒಟ್ಟಿಗೆ ಬರುತ್ತಿತ್ತು. ನನಗೆ ಮನೆಗೆ ಬಂದಂತೆ ಆಯಿತು. ಮೀನಿನ ವಾಸನೆಯೊಂದನ್ನು ಬಿಟ್ಟು.

ನಕಾನೊ ಸಾನ್ ಬಾಗಿಲಲ್ಲೇ ನಿಂತಿದ್ದರು. ಸಣಕಲು ದೇಹ, ಬಿಳಿ ಕೂದಲು, ಕಣ್ಣಿಗೆ ದಪ್ಪ ಕನ್ನಡಕ. ವಿಗ್ಗು ಮಾಡುವಾಕೆ ತನ್ನ ತಲೆಗೆ ಬಣ್ಣವನ್ನೂ ಹಚ್ಚಿರಲಿಲ್ಲ. ಅಕ್ಕ ಅವರ ಹಣೆಗೆ ಕುಂಕುಮವಿಟ್ಟು, ತಂದಿದ್ದ ಗುಳೇದಗುಡ್ಡದ ಕುಬಸದ ಕಣ ಕೊಟ್ಟಳು. ಅವರು ಅದನ್ನು ಕೆನ್ನೆಗೆ ಒತ್ತಿಕೊಂಡರು. ಆಮೇಲೆ ನಮ್ಮ ಕೂದಲ ಕಟ್ಟನ್ನು ತೆಗೆದು ಮೂಸಿ, ಏನೋ ಹೇಳಿದರು.

"ಸೀಗೆಕಾಯಿ ವಾಸನಿ ಬರತೈತಿ, ಈ ವಾಸನಿ ಬಂದ ದಿನ ಕೆಲಸ ಛಲೋ ಆಗತೈತಿ ಅಂತಾರ್ರಿ" ಎಂದಳು ಪದ್ಮಾ. ನಕಾನೊ ಸಾನ್ ಮಾತೆಲ್ಲ ನಮಗೆ ಬಂದದ್ದು ಹೀಗೆ, ಗಂಗಾವತಿ ಸೀಮೆಯ ಕನ್ನಡದಲ್ಲಿ. ನನ್ನ ನೆನಪಿನಲ್ಲಿ ಅವರು ಈಗಲೂ 'ಐತಿ', 'ಹೋಗ್ಯಾನ' ಎಂದೇ ಮಾತನಾಡುತ್ತಾರೆ.

ಅವರ ಒಂದು ಅಭ್ಯಾಸ ಅಕ್ಕನ ಕಣ್ಣಿಗೆ ಬಿತ್ತು. ಮುಂಜಾನೆ ಷಟರು ಎತ್ತುವ ಮೊದಲು ನಕಾನೊ ಸಾನ್ ಕಸಬರಿಗೆ ಹಿಡಿದು ತಮ್ಮ ಅಂಗಡಿಯ ಮುಂದೆ ಗುಡಿಸಿದರು, ಎಡಗಡೆಯವರ ಮುಂದೆ ಗುಡಿಸಿದರು, ಬಲಗಡೆಯವರ ಮುಂದೂ ಗುಡಿಸಿದರು. ಅಕ್ಕ ಬಿಟ್ಟಾಳೆಯೇ, ಕೇಳಿದಳು: "ಪಕ್ಕದವರ ಕಸ ನೀವ್ಯಾಕ ಹೊಡೀತೀರಿ?"

"ನನ್ನ ಕೂದಲ ಹಾರಿ ಅವರ ಬಾಗಿಲಿಗೆ ಹೋಗಿರತೈತಿ. ಅವರು ಬಂದು ಬೈಯೂಮುಂಚೆ ನಾನ ಹೋಗಿ ತರತೀನಿ" ಎಂದರು ನಕಾನೊ ಸಾನ್.

ಅಕ್ಕ ಅವರ ಕೈಯಿಂದ ಕಸಬರಿಗೆ ತೆಗೆದುಕೊಂಡು ಉಳಿದ ಕಸವನ್ನು ತಾನೇ ಗುಡಿಸಿದಳು. ಆರೋಗ್ಯ ಸರಿಯಿಲ್ಲವೇನೋ ಎಂದು ನಾನು ಹೆದರಿದೆ.

ಓಣಿಯ ಭವನ

ನಕಾನೊ ಸಾನ್ ಅಂಗಡಿಯ ಎದುರಿಗೆ ಒಂದು ಖಾಲಿ ಜಾಗ. ಮೊದಲು ಅಲ್ಲಿ ಒಂದು ಕಾರ್ಖಾನೆ ಇತ್ತು, ಯಜಮಾನ ತೀರಿಕೊಂಡ ಮೇಲೆ ಮಾರಾಟವಾಗಿದೆ. ಈಗ ಕಟ್ಟಡದ ಕಂಪನಿಯೊಂದು ಅಲ್ಲಿ ಫ್ಲ್ಯಾಟು ಎಬ್ಬಿಸಲು ಬಂದಿದೆ. ಆಚೆ ಬದಿಗೆ ಓಕಾ ಸಾನ್ ಎಂಬ ಮುದುಕರ ಪ್ರೆಸ್ಸು. ಲೋಹದ ತಗಡನ್ನು ಗುದ್ದಿ ಆಕಾರ ಕೊಡುವ ಯಂತ್ರ ಅದು, ಗುದ್ದಿದಾಗಲೆಲ್ಲ ನೆಲ ನಡುಗುತ್ತದೆ. ಇಂಥ ಜಾಗಗಳಿಗೆ ಮನೆ ಬಂದರೆ ಏನಾಗುತ್ತದೆಂದು ಓಣಿಗೆಲ್ಲ ಗೊತ್ತು. ಮೊದಲು ಅಗ್ಗದ ಆಸೆಗೆ ಬರುತ್ತಾರೆ, ಆಮೇಲೆ ಸದ್ದು ಎನ್ನುತ್ತಾರೆ, ದೂರು ಕೊಡುತ್ತಾರೆ, ಷಟರುಗಳು ಒಂದೊಂದೇ ಇಳಿಯುತ್ತವೆ. ನಮ್ಮ ಕಥೆಯೇ.

ಆದರೆ ಇಲ್ಲಿ ಕಾಯ್ದೆ ಇದೆ. ಕಾರ್ಖಾನೆಗಳ ನಡುವೆ ಮನೆ ಕಟ್ಟುವವರು ಮೊದಲು ನೆರೆಯ ಕಾರ್ಖಾನೆಯವರಿಗೆ ತಮ್ಮ ಯೋಜನೆಯನ್ನು ವಿವರಿಸಬೇಕು. ಸದ್ದು ತಡೆಯುವ ಏರ್ಪಾಟನ್ನು ತಮ್ಮ ಕಟ್ಟಡದಲ್ಲಿ ತಾವೇ ಮಾಡಬೇಕು. ಕೊಳ್ಳುವವರಿಗೆ ಪಕ್ಕದಲ್ಲಿ ಏನಿದೆ ಎಂದು ಮುಂಚೆಯೇ ಹೇಳಬೇಕು. ಅಂದರೆ ಬಂದವರು ಇದ್ದವರ ಅನುಕೂಲ ಕೇಳಬೇಕು. ಇಷ್ಟು ಸರಳವಾದದ್ದು ನಮ್ಮ ತಲೆಗೆ ಯಾಕೆ ಹೊಳೆಯಲಿಲ್ಲ ಎಂದು ನನಗೆ ಸಿಟ್ಟೇ ಬಂತು.

ಅಂಥ ವಿವರಣೆಯ ಸಭೆ ನಾವಿದ್ದಾಗಲೇ ನಡೆಯಿತು. ನಕಾನೊ ಸಾನ್ ಎಲ್ಲರನ್ನೂ ಕೇಳಿ ನಮ್ಮನ್ನೂ ಕರೆದುಕೊಂಡು ಹೋದರು. ಓಣಿಯವರು ಸೇರುವ ಸಣ್ಣ ಭವನ; ಚಪ್ಪಲಿ ಹೊರಗೆ, ಚಾಪೆಯ ಮೇಲೆ ಎಲ್ಲರೂ. ಬಾಗಿಲಲ್ಲಿ ಕಂಪನಿಯ ಕಿಮುರಾ ಎಂಬ ಅಧಿಕಾರಿ ನಿಂತಿದ್ದ, ಕಪ್ಪು ಸೂಟು, ಹಣೆಯಲ್ಲಿ ಬೆವರು. ಒಳಗೆ ಬಂದವರಿಗೆಲ್ಲ ಕಾಗದ ಸುತ್ತಿದ ಒಂದೊಂದು ಟವೆಲ್ ಕೊಡುತ್ತಿದ್ದ. ಕಟ್ಟಡ ಶುರುಮಾಡುವ ಮೊದಲು ನೆರೆಯವರಿಗೆ 'ನಮ್ಮಿಂದ ತೊಂದರೆ ಆಗುತ್ತದೆ, ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡಿ' ಎಂದು ಟವೆಲ್ ಕೊಡುವುದು ಅವರಲ್ಲಿ ಪದ್ಧತಿಯಂತೆ. ಇದನ್ನು ಪದ್ಮಾ ನಮಗೆ ಆಮೇಲೆ ಹೇಳಿದಳು. ಮೊದಲೇ ಹೇಳಬೇಕಿತ್ತು.

ನಮ್ಮ ಸರದಿ ಬಂತು. ಕಿಮುರಾ ಎರಡೂ ಕೈಯಲ್ಲಿ ಟವೆಲ್ ಹಿಡಿದು ಅಕ್ಕನ ಮುಂದೆ ಸೊಂಟದವರೆಗೆ ಬಗ್ಗಿದ. ಓದುಗರು ಈ ದೃಶ್ಯವನ್ನು ನಮ್ಮ ಕಡೆಯವರ ಕಣ್ಣಿನಿಂದ ನೋಡಬೇಕು. ಒಬ್ಬ ಮನುಷ್ಯ ಬಟ್ಟೆಯ ಆಯೇರ ಮಾಡುತ್ತಿದ್ದಾನೆ. ಆಯೇರವನ್ನು ಬರಿಗೈಯಲ್ಲಿ ತೆಗೆದುಕೊಂಡು ಸುಮ್ಮನೆ ಹೋಗುವುದು ನಮ್ಮಲ್ಲಿ ಇಲ್ಲ. ಮೇಲಾಗಿ ಅವನು ತಲೆ ಬಗ್ಗಿಸಿ ನಿಂತಿದ್ದಾನೆ. ನಮ್ಮಲ್ಲಿ ಗಂಡಸು ಸಭೆಯಲ್ಲಿ ಹಾಗೆ ತಲೆ ಬಗ್ಗಿಸುವುದು ಒಂದೇ ಕಾರಣಕ್ಕೆ. ಅಕ್ಕ ನನ್ನ ಹೆಗಲ ಮೇಲಿದ್ದ ಭಾಗ್ಯನಗರದ ಮಗ್ಗದ ಹೊಸ ಟವೆಲ್ಲನ್ನು ಸರಕ್ಕನೆ ಎಳೆದಳು, ಝಾಡಿಸಿದಳು, ನಾನು ಬಾಯಿ ಬಿಡುವಷ್ಟರಲ್ಲಿ ಕಿಮುರಾನ ತಲೆಗೆ ಚೆಂದವಾಗಿ ರುಮಾಲು ಸುತ್ತಿ ಮುಗಿಸಿದ್ದಳು. ಹಣೆಗೆ ಕುಂಕುಮ ಇಡುವುದನ್ನೂ ಮರೆಯಲಿಲ್ಲ.

ಕಿಮುರಾ ಮೆಲ್ಲಗೆ ತಲೆ ಎತ್ತಿದ. ಮುಖದಲ್ಲಿ ಒಂದು ಸಣ್ಣ ಭೂಕಂಪ. ಆಗ ಮೂಲೆಯಿಂದ ಒಂದು ಸದ್ದು ಬಂತು. ಓಕಾ ಸಾನ್ ನಗುತ್ತಿದ್ದರು. ಮುದುಕರ ನಗು ಪಕ್ಕದವರಿಗೆ ಹತ್ತಿತು, ಅಲ್ಲಿಂದ ಆಚೆಗೆ, ಕೊನೆಗೆ ಕಂಪನಿಯವರೇ ಕಣ್ಣೊರೆಸಿಕೊಳ್ಳುತ್ತಿದ್ದರು. ಪದ್ಮಾ ಮಾತ್ರ ನೆಲ ಬಾಯಿ ಬಿಡಲಿ ಎಂದು ನಿಂತಿದ್ದಳು.

"ಏನಾತು? ಆಯೇರ ಮಾಡಿದಾತಗ ರುಮಾಲ ಸುತ್ತಿದ್ರ ತಪ್ಪೇನು?" ಎಂದಳು ಅಕ್ಕ.

ಪದ್ಮಾ ತಡವರಿಸುತ್ತ ವಿವರಿಸಿದಳು. ನಮ್ಮ ಊರಲ್ಲಿ ಇದು ಬೀಗರಿಗೆ ಮಾಡುವ ಮರ್ಯಾದೆ ಎಂಬ ಮಾತು ಕೇಳಿ ಕಿಮುರಾ ಮತ್ತೆ ಬಗ್ಗಿದ, ಈ ಸಲ ರುಮಾಲು ಬೀಳದಂತೆ ಒಂದು ಕೈ ಹಿಡಿದುಕೊಂಡು. ತೆಗೆದರೆ ಅವಮರ್ಯಾದೆ ಆದೀತು ಎಂದು ಪಾಪ, ಸಭೆ ಮುಗಿಯುವ ತನಕ ಅದನ್ನು ಸುತ್ತಿಕೊಂಡೇ ಕೂತ.

ಮಾತು ಮಾತ್ರ ಬಿಗಿಯಾಗಿಯೇ ನಡೆಯಿತು. ಓಕಾ ಸಾನ್ ನಗು ನಿಲ್ಲಿಸಿ ನೇರವಾಗಿ ಕೇಳಿದರು. ಪದ್ಮಾಳ ಕನ್ನಡದಲ್ಲಿ ಅದು ಹೀಗಿತ್ತು: "ನನ್ನ ಪ್ರೆಸ್ಸು ಮುಂಜಾನಿ ಶುರು ಆಗತೈತಿ, ನೆಲ ನಡಗತೈತಿ. ಮನಿ ಕೊಳ್ಳಾಕ ಬಂದವರಿಗೆ ಇದನ್ನ ಹೇಳತೀರೋ, ಇಲ್ಲಾ ಗಿಡ, ಹೂವು, ಬಾಲ್ಕನಿ ಅಂತ ಚಿತ್ರ ತೋರಿಸಿ ಮಾರತೀರೋ?"

"ಹೇಳತೀವಿ. ಬರದೂ ಕೊಡತೀವಿ. ಮಲಗೋ ಖೋಲಿ ನಿಮ್ಮ ಕಡೆ ಇಡಂಗಿಲ್ಲ, ಆ ಬದಿ ಕಿಟಕಿಗೆ ಎರಡು ಪದರಿನ ಗಾಜು ಹಾಕತೀವಿ" ಎಂದ ಕಿಮುರಾ.

"ಕೇಳಿ, ತಲಿ ಅಲ್ಲಾಡಿಸಿ, ಬಂದ ಮ್ಯಾಲ ದೂರು ಕೊಟ್ರ?"

ಕಿಮುರಾ ರುಮಾಲು ಸರಿಮಾಡಿಕೊಂಡ. "ಕೊಳ್ಳೂಕಿಂತ ಮೊದಲ ಅವರನ್ನ ಕರಕೊಂಡು ಬಂದು ನಿಮ್ಮ ಪ್ರೆಸ್ಸಿನ ಮುಂದ ನಿಂದರಸತೀನಿ. ಕೇಳಿ ಒಪ್ಪಿದವರಿಗೆ ಅಷ್ಟ ಮಾರತೀನಿ."

ಓಕಾ ಸಾನ್ ತಮ್ಮ ಚಹಾದ ಬಟ್ಟಲನ್ನು ಎತ್ತಿ ಅವನ ಕಡೆ ಸರಿಸಿದರು. ನಮ್ಮ ಹತ್ತಿರವಾಗಿದ್ದರೆ ಎಲೆ-ಅಡಿಕೆ ತಟ್ಟೆ ಸರಿಯುತ್ತಿತ್ತು.

ಓಕಾ ಸಾನ್ ಪ್ರೆಸ್ಸಿನ ಮುಂದೆ

ಕಾಯ್ದೆ ಬಂದ ಕೂಡಲೇ ಎಲ್ಲ ಸರಿಯಾಯಿತು ಎಂದೇನೂ ಅಲ್ಲ. ಓಣಿಯಲ್ಲಿ ಮುಚ್ಚಿದ ಷಟರುಗಳನ್ನು ನಾನೂ ನೋಡಿದೆ. ಮಾಡುವವರಿಲ್ಲದೆ ಮುಚ್ಚಿದವು ಕೆಲವು, ಜಗಳದಿಂದ ಮುಚ್ಚಿದವು ಕೆಲವು. ಆದರೆ ಮುಂದೊಂದು ಮುಂಜಾನೆ ಕಂಡದ್ದನ್ನು ಹೇಳದಿದ್ದರೆ ಈ ಬರಹಕ್ಕೆ ಅರ್ಥವಿಲ್ಲ.

ಕಿಮುರಾ ಮಾತಿಗೆ ತಪ್ಪಲಿಲ್ಲ. ಇದೇ ಓಣಿಯ ಆಚೆ ತುದಿಯಲ್ಲಿ ಅವನ ಕಂಪನಿಯ ಇನ್ನೊಂದು ಕಟ್ಟಡ ಆಗಲೇ ಎದ್ದಿತ್ತು. ಅಲ್ಲಿ ಮನೆ ನೋಡಲು ಬಂದಿದ್ದ ಗಂಡಹೆಂಡಿರನ್ನು ಓಕಾ ಸಾನ್ ಪ್ರೆಸ್ಸಿನ ಮುಂದೆ ಕರೆತಂದ. ಹೆಂಡತಿಯ ಕೈಯಲ್ಲಿ ತಳ್ಳುವ ಗಾಡಿ, ಅದರಲ್ಲಿ ಕೂಸು. ಓಕಾ ಸಾನ್ ಕೈಗವಸು ಹಾಕಿಕೊಂಡು ಯಂತ್ರ ಶುರು ಮಾಡಿದರು. ಧಡ್! ನಮ್ಮ ಕಾಲ ಕೆಳಗಿನ ನೆಲ ಕುಣಿಯಿತು. ಗಂಡಹೆಂಡಿರು ಮುಖ ಮುಖ ನೋಡಿಕೊಂಡರು. ಕೂಸು ಕಣ್ಣರಳಿಸಿತು. ಧಡ್! ಕೂಸು ಕೇಕೆ ಹಾಕಿ ನಕ್ಕಿತು. ಮುದುಕರು ನಿಲ್ಲಿಸಿದರೆ ಅದರ ತುಟಿ ಅಳುವ ಹಾಗೆ ಉಬ್ಬುತ್ತಿತ್ತು, ಗುದ್ದಿದರೆ ನಗು. ಓಕಾ ಸಾನ್‌ಗೂ ಹುರುಪು ಬಂತು. ಗಿರಾಕಿಯ ಮಾಲೋ, ಕೂಸಿನ ಸಲುವಾಗಿಯೋ, ಬೇಕಾದದ್ದಕ್ಕಿಂತ ಹೆಚ್ಚೇ ಗುದ್ದಿದರು ಎಂದು ನನ್ನ ಅನುಮಾನ.

ಆ ದಂಪತಿಗಳು ಮನೆ ಕೊಂಡರೋ ಇಲ್ಲವೋ ನನಗೆ ಗೊತ್ತಿಲ್ಲ. ಕೇಳಿಸಿಕೊಂಡು ಹೋದರು, ಅದು ಗೊತ್ತು. ಅಕ್ಕ ಆ ಕೂಸಿನ ಗಲ್ಲ ಹಿಂಡಿ, "ಹುಲಿಗೆವ್ವನ ಮಗ ಹಿಂಗ ನಗತಾನ" ಎಂದು ಕಣ್ಣು ಒರೆಸಿಕೊಂಡಳು. ಅಕ್ಕ ಅತ್ತದ್ದನ್ನು ನಾನು ನೋಡಿದೆ ಎಂದು ಅವಳಿಗೆ ತಿಳಿಯದಂತೆ ಆಚೆ ತಿರುಗಿದೆ.

ಸಂಜೆ ಊರಿಂದ ಫೋನು ಬಂತು. ನಕ್ಷೆಯ ಆಕ್ಷೇಪಣೆ ಕೇಳುವ ಸಭೆ ಮುಂದಿನ ತಿಂಗಳು ಎಂದಿದ್ದದ್ದನ್ನು ಈಗ ಮೊದಲೇ ಇಟ್ಟಿದ್ದಾರೆ. ನಾವು ಊರು ಮುಟ್ಟಿದ ಮರುದಿನವೇ. ನಕಾನೊ ಸಾನ್ ಬಸ್ಸಿನವರೆಗೆ ಬಂದರು. ಬಸ್ಸು ತಿರುವಿನಲ್ಲಿ ಮರೆಯಾಗುವವರೆಗೂ ಕೈ ಬೀಸುತ್ತಲೇ ಇದ್ದರು. ಪದ್ಮಾ ವಿಮಾನ ನಿಲ್ದಾಣದಲ್ಲಿ ಅಕ್ಕನನ್ನು ಅಪ್ಪಿಕೊಂಡು, "ಸರೇ ಅಕ್ಕಾರ, ಗೆದ್ದು ಫೋನ್ ಮಾಡ್ರಿ. ನಾ ರೈಲಿನ್ಯಾಗ ಇದ್ರೂ ಎತ್ತತೀನಿ" ಎಂದಳು. ಜಪಾನಿನಲ್ಲಿರುವವರು ಇದಕ್ಕಿಂತ ದೊಡ್ಡ ಮಾತು ಕೊಡಲಾರರು.

ಕೊಪ್ಪಳ

ಸಭೆಗೆ ನಾನು ಭರ್ಜರಿ ತಯಾರಿ ಮಾಡಿಕೊಂಡಿದ್ದೆ. ಫೋನಿನಲ್ಲಿ ಫೋಟೊ, ಬಾಯಲ್ಲಿ ಭಾಷಣ. ಅಧಿಕಾರಿ ತಾಳ್ಮೆಯಿಂದ ಕೇಳಿ, "ಛಲೋ ಐತ್ರಿ. ಆದ್ರ ಜಪಾನ್ ಕಾಯ್ದಿ ಭಾಗ್ಯನಗರಕ್ಕ ಹತ್ತಂಗಿಲ್ಲ. ಸುತ್ತ ಮನಿ ಅದಾವ, ಅವರು ಬ್ಯಾಡ ಅಂತಾರ. ನಾ ಏನ ಮಾಡ್ಲಿ?" ಎಂದರು. ಮನುಷ್ಯ ಒಳ್ಳೆಯವರೇ. ನನ್ನ ಭಾಷಣ ಅಲ್ಲಿಗೆ ಮುಗಿಯಿತು. ಹಿಂದೆ ನಿಂತಿದ್ದ ನಮ್ಮ ಹೆಂಗಸರ ಕಡೆ ನೋಡುವ ಧೈರ್ಯ ನನಗಾಗಲಿಲ್ಲ.

ಅಕ್ಕ ಎದ್ದಳು. ಅಧಿಕಾರಿಯ ಕಡೆ ಹೋಗಲಿಲ್ಲ. ಆಚೆ ಸಾಲಿನಲ್ಲಿ ಲೇಔಟಿನವರ ನಡುವೆ ಕೂತಿದ್ದ ಶಾಂತಾಬಾಯಿಯವರ ಪಕ್ಕಕ್ಕೆ ಹೋಗಿ ಕುರ್ಚಿ ಎಳೆದುಕೊಂಡು ಕೂತಳು.

"ಬಾಯಾರ, ನಮ್ಮಿಂದ ನಿಮಗ ಏನು ತ್ರಾಸ ಆಗೈತಿ? ಹೇಳ್ರಿ. ಎಷ್ಟು ಬೈತೀರಿ ಬೈರಿ, ಕೇಳಾಕ ಬಂದೀನಿ."

ಶಾಂತಾಬಾಯಿಯವರು ಒಂದು ಕ್ಷಣ ಅವಕ್ಕಾದರು. ಜಗಳಕ್ಕೆ ತಯಾರಾಗಿ ಬಂದವರಿಗೆ ಯಾರಾದರೂ ಹೀಗೆ ಕೇಳಿದರೆ ಕಷ್ಟ. ಆಮೇಲೆ ಶುರು ಮಾಡಿದರು. ಮಾಳಿಗೆಯ ಮೇಲೆ ಸಂಡಿಗೆ ಒಣಹಾಕಿದರೆ ಕೂದಲು, ಹಿಟ್ಟು ನಾದಿದರೆ ಕೂದಲು. ಮೊಮ್ಮಗನ ಮೊದಲ ಅನ್ನದಲ್ಲೇ ಉದ್ದ ಎಳೆ ಬಂತು, ಬೀಗರ ಮುಂದೆ ಮಾನ ಹೋಯಿತು. "ಭಾಳ ಸಲ ನಿಮ್ಮ ಬಾಗಲಿಗೆ ಬಂದೆ. ನಿಮ್ಮ ತಮ್ಮ ಫೋನ್ ಹಿಡಕೊಂಡು 'ಆಮ್ಯಾಲ ಬರ್ರಿ' ಅಂದ. ಎಷ್ಟು 'ಆಮ್ಯಾಲ' ರೀ? ಅದಕ್ಕ ಅರ್ಜಿ ಕೊಟ್ವಿ."

ಸಭೆಯ ಕಣ್ಣುಗಳೆಲ್ಲ ನನ್ನ ಮೇಲೆ ಬಿದ್ದವು. ನನ್ನ ಬೋಳು ತಲೆಯೂ ಕೆಂಪಾಗಿರಬೇಕು.

"ಖರೇ ಐತ್ರಿ. ನಾವು ಇಲ್ಲಿ ಮೊದಲಿಂದ ಅದೀವಿ ಅನ್ನೋ ಸೊಕ್ಕಿನ್ಯಾಗ ನಿಮ್ಮನ್ನ ಕೇಳಲಿಲ್ಲ" ಎಂದಳು ಅಕ್ಕ. "ಕಿಟಕಿಗೆಲ್ಲ ಸಣ್ಣ ಜಾಳಿಗಿ ಹೊಡಸತೀವಿ. ಕೂದಲ ಎಳಿಯೋ ಕೆಲಸ ಒಳಗಿನ ಖೋಲಿಗೆ ಹಾಕತೀವಿ. ದಿನಾ ಮುಂಜಾನಿ ನಿಮ್ಮ ಬಾಗಲ ಮುಂದ ನಾನ ಕಸ ಹೊಡೀತೀನಿ, ಒಂದು ಎಳಿ ಕಂಡ್ರ ನನ್ನ ಕರೀರಿ. ಆದ್ರ ಬಾಯಾರ, ನೀವು ಆಸ್ಪತ್ರ್ಯಾಗ ಎಷ್ಟು ಕೂಸು ಹಿಡದೀರಿ! ಈ ಹುಡುಗ್ಯಾರು ನಡಕೊಂಡು ಬಂದು ದುಡೀತಾರ. ಊರ ಹೊರಗ ಹಾಕಿದ್ರ ಇವರು ಕೂಸಿಗೆ ಹಾಲು ಕುಡಸ್ತಾರೋ, ಕೆಲಸ ಮಾಡ್ತಾರೋ?"

ಶಾಂತಾಬಾಯಿಯವರು ಹಿಂದೆ ತಿರುಗಿ ನೋಡಿದರು. ಗೋಡೆಗೆ ಒರಗಿ ನಿಂತಿದ್ದ ಹುಲಿಗೆವ್ವನನ್ನು ಬಹಳ ಹೊತ್ತು ನೋಡಿದರು. ಆಮೇಲೆ ಅಧಿಕಾರಿಯ ಕಡೆ ತಿರುಗಿ, "ಸಾಹೇಬರ, ನಾವು ಕೂದಲ ಹಾರಬಾರದು ಅಂತ ಬರದಿದ್ವಿ. ಓಣಿ ತಗದು ಹಾಕ್ರಿ ಅಂತ ಬರದಿಲ್ಲ. ಅದನ್ನ ಯಾರು ಬರದ್ರು?" ಎಂದರು.

ಅಧಿಕಾರಿ ಕಾಗದ ತಿರುವಿದರು. ನಿಜವಾಗಿಯೂ ಹಾಗೆ ಬರೆದಿರಲಿಲ್ಲ. ಮನೆಯ ನಡುವೆ ಸಣ್ಣ ಉದ್ಯೋಗಕ್ಕೆ ಜಾಗ ಬಿಡುವುದಕ್ಕೆ ನಿಯಮದಲ್ಲಿಯೇ ದಾರಿ ಇದೆ, ನೆರೆಯವರ ಒಪ್ಪಿಗೆ ಇದ್ದರೆ ತಾವು ಹಾಗೆ ಶಿಫಾರಸು ಮಾಡುತ್ತೇವೆ ಎಂದರು. ಅಲ್ಲೇ ಶಾಂತಾಬಾಯಿಯವರು ಸಹಿ ಹಾಕಿದರು. ಮುಂದೆ ಓಣಿಯಲ್ಲಿ ಮನೆ ಕಟ್ಟುವವರು ಪಕ್ಕದಲ್ಲಿ ಶೆಡ್ಡು ಇದೆ ಎಂದು ತಿಳಿದೇ ಕಟ್ಟುತ್ತಿದ್ದೇವೆ ಎಂದು ಬರೆದು ಕೊಡಬೇಕು ಎಂಬ ಮಾತನ್ನು ನಾನು ಸೇರಿಸಿದೆ. ನನ್ನ ಭಾಷಣದಲ್ಲಿ ಉಳಿದದ್ದು ಅಷ್ಟೇ ಆದರೂ ಉಳಿಯಿತಲ್ಲ.

ಪಕ್ಕಾ ನಕ್ಷೆ ಹೊರಬಂದ ದಿನ ನಾನು ಕಚೇರಿಯಿಂದ ಓಣಿಗೆ ಓಡೋಡಿ ಬಂದೆ. ಅಕ್ಷರಶಃ ಓಡಿದೆ, ಮೋಟಾರು ಸೈಕಲ್ ಅಲ್ಲೇ ಮರೆತಿದ್ದೆ. ಶೆಡ್ಡಿನ ಹೊಸ್ತಿಲಲ್ಲಿ ನಿಂತು, ಏದುಸಿರು ಬಿಡುತ್ತಲೇ ಹೆಂಗಸರಿಗೆಲ್ಲ ಹೇಳತೊಡಗಿದೆ. ನಮ್ಮ ಓಣಿ ಬರೀ ಹಳದಿ ಅಲ್ಲ, ಅದರ ಮೇಲೆ ನೇರಳೆ ಗೆರೆ ಎಳೆದಿದ್ದಾರೆ, ವಾಸವೂ ಉದ್ಯೋಗವೂ ಒಟ್ಟಿಗೆ ಇರಬಹುದು, ಷರತ್ತುಗಳು ಇಂತಿಂಥವು, ಇನ್ನು ಮುಂದೆ ಯಾರೇ ಬರಲಿ... ಎಲ್ಲರೂ ಕೆಲಸ ನಿಲ್ಲಿಸಿ ನನ್ನ ಬಾಯಿ ನೋಡುತ್ತಿದ್ದರು. ಹುಲಿಗೆವ್ವ ಮೊಣಕಾಲ ಮೇಲಿನ ಕೂದಲನ್ನು ಪಕ್ಕಕ್ಕಿಟ್ಟು ಎದ್ದು ನಿಂತಳು.

"ಅಣ್ಣಾರ, ಅಂದ್ರ ಶೆಡ್ಡು ಇಲ್ಲೇ ಇರತೈತಿ?"

"ಇಲ್ಲೇ ಇರತೈತವ್ವ."

"ಹಂಗಾರ ನಾ ಬರತೀನ್ರಿ, ಕೂಸು ಹಸದಿರತೈತಿ" ಎಂದು ಸೆರಗು ಝಾಡಿಸಿಕೊಂಡು, ನನ್ನ ಉಳಿದ ಮಾತು ಕೇಳಲು ನಿಲ್ಲದೆ, ಮನೆಯ ಕಡೆ ನಡೆದುಬಿಟ್ಟಳು.